ಮಾವಿನ ತೋಪಿಗೂ ಸ್ಪಿತಿಗೂ ಒಂದೇ ಗಾಡಿ: ಯಾವುದು ಕೊಳ್ಳಲಿ, ಏನೇನು ಹಾಕಿಸಲಿ?

ಪ್ರಶ್ನೆ: ಸಾರ್, ನಮ್ಮದು ಶ್ರೀನಿವಾಸಪುರ ತಾಲ್ಲೂಕು. ನಾನು ಕೆಲಸ ಮಾಡುವುದು ಬೆಂಗಳೂರಿನಲ್ಲಿ. ಮನೆಯಲ್ಲಿ ನಾನು, ಹೆಂಡತಿ, 11 ಮತ್ತು 7 ವರ್ಷದ ಇಬ್ಬರು ಮಕ್ಕಳು, 66 ವರ್ಷದ ಅಮ್ಮ. ತಿಂಗಳಿಗೆ ಎರಡು ಸಲ ಊರಿಗೆ ಬಂದು ಮಾವಿನ ತೋಪು ನೋಡಿಕೊಂಡು ಹೋಗುತ್ತೇವೆ. ತೋಪಿಗೆ ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ದಾರಿ. ಹೋದ ವರ್ಷ ದಾರಿ ಹತ್ತಿರವಾಗುತ್ತದೆ ಅಂತ ನಮ್ಮ ಸಣ್ಣ ಕಾರನ್ನು ಕೆರೆಯಂಗಳಕ್ಕೆ ಇಳಿಸಿದೆ. ಹೂತುಕೊಂಡಿತು. ಟ್ರಾಕ್ಟರ್ ತಂದು ಎಳೆಸಿದರೆ ಮುಂದಿನ ಬಂಪರ್ ಕಿತ್ತು ಬಂತು. ದೊಡ್ಡ ಗಾಡಿ ತಗೊಳ್ಳಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ. ಒಂದು ಸಲ ಎಲ್ಲರನ್ನೂ ಕರೆದುಕೊಂಡು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿಬರುವ ಆಸೆಯೂ ಇದೆ. ಗಾಡಿಗೆ 14 ಲಕ್ಷ, ಆಮೇಲೆ ಹಾಕಿಸುವ ಸಾಮಾನಿಗೆ 4 ಲಕ್ಷ ಎತ್ತಿಟ್ಟಿದ್ದೇನೆ. ಆಫೀಸಿನ ಗೆಳೆಯರು ಥಾರ್ ಅಥವಾ ಜಿಮ್ನಿ ಅನ್ನುತ್ತಾರೆ. ಇನ್ನೊಬ್ಬರು ಹಳೇ ಜಿಪ್ಸಿ ತಗೊಂಡು ಎತ್ತರ ಮಾಡಿಸಿ ಮಡ್ ಟೈರ್ ಹಾಕಿಸು ಅನ್ನುತ್ತಾರೆ. ನನ್ನ ಬಾಮೈದ ಬೊಲೆರೊ ನಿಯೋ ಸಾಕು ಅನ್ನುತ್ತಾನೆ. ನಾಲ್ಕೂ ಚಕ್ರ ಎಳೆಯುವ ಫೋರ್ ಬೈ ಫೋರ್ ಇಲ್ಲದೆ ಆಗುವುದೇ ಇಲ್ವಾ? ಬುಲ್ ಬಾರ್, ವಿಂಚ್, ಸ್ನಾರ್ಕೆಲ್, ಲೈಟ್ ಬಾರ್, ರೂಫ್ ಟೆಂಟ್ ಇವುಗಳಲ್ಲಿ ಯಾವುದು ಬೇಕು, ಯಾವುದು ಬೇಡ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೋದಾಗ ಮತ್ತೆ ಎಲ್ಲಾದರೂ ಸಿಕ್ಕಿಕೊಂಡರೆ ಏನು ಗತಿ ಅನ್ನುವ ಅಳುಕು ನಿಮ್ಮನ್ನು ಕಾಡುತ್ತಿದೆ. ಆ ಅಳುಕು ಸರಿಯಾದದ್ದೇ. ಆದರೆ ಅದಕ್ಕೆ ನೀವು ಹುಡುಕಿಕೊಂಡಿರುವ ಔಷಧಿ ದೊಡ್ಡ ಗಾಡಿ, ಅದರ ಮೇಲೆ ಇನ್ನಷ್ಟು ಕಬ್ಬಿಣ. ಕೋಲಾರದಲ್ಲಿ ಗ್ಯಾರೇಜ್ ಇಟ್ಟು 20 ವರ್ಷದ ಮೇಲಾಯಿತು. ಹೊಲದಲ್ಲಿ, ಹಳ್ಳದಲ್ಲಿ, ಕೆರೆಯಲ್ಲಿ ಸಿಕ್ಕಿಕೊಂಡ ಗಾಡಿಗಳನ್ನು ಎಳೆಯೋಕೆ ನನ್ನನ್ನು ಕರೆಯುತ್ತಲೇ ಇರುತ್ತಾರೆ. ಹೋದ ಕಡೆಯೆಲ್ಲ ನನಗೆ ಕಾಣುವುದು ಎರಡೇ ತಪ್ಪು. ಗಾಡಿಯಲ್ಲಿ ಭಾರ ಜಾಸ್ತಿ ಇರುತ್ತದೆ, ಟೈರಿನಲ್ಲಿ ಗಾಳಿ ಜಾಸ್ತಿ ಇರುತ್ತದೆ. ಇವೆರಡನ್ನು ಸರಿಮಾಡಿಕೊಂಡರೆ ನಿಮ್ಮ 4 ಲಕ್ಷದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಉಳಿಯುತ್ತದೆ. ಅದನ್ನು ಎಲ್ಲಿ ಹಾಕಬೇಕು ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಕೆರೆಯ ಸಂಗತಿ ಮುಗಿಸೋಣ. ನಿಮ್ಮ ಅಪ್ಪ, ತಾತ ಬೇಸಿಗೆಯಲ್ಲಿ ಅದೇ ಕೆರೆಯಂಗಳದಲ್ಲಿ ಎತ್ತಿನ ಗಾಡಿ ಹೊಡೆದಿರುತ್ತಾರೆ. ನೀವೂ ಚಿಕ್ಕವರಿದ್ದಾಗ ಅಲ್ಲಿ ಕ್ರಿಕೆಟ್ ಆಡಿರುತ್ತೀರಿ. ಆ ನೆನಪೇ ನಿಮ್ಮನ್ನು ಕೆರೆಗೆ ಇಳಿಸಿತು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ವರ್ಷಗಟ್ಟಲೆ ಒಣಗಿ ಕಲ್ಲಾಗಿದ್ದ ಎಷ್ಟೋ ಅಂಗಳಗಳು ಈಗ ಬೇಸಿಗೆಯಲ್ಲೂ ಒಳಗೆ ತೇವ ಇಟ್ಟುಕೊಂಡಿರುತ್ತವೆ. ಕೆರೆ ಗೋಡು ಹಿಟ್ಟಿನ ಹಾಗೆ ನುಣ್ಣಗಿರುತ್ತದೆ. ಬಿಸಿಲಿಗೆ ಮೇಲೆ ಮೂರು ನಾಲ್ಕು ಬೆರಳು ದಪ್ಪ ಹಪ್ಪಳದ ಹಾಗೆ ಒಣಗುತ್ತದೆ. ಕೆಳಗೆ ಅದೇ ಗೋಡು ಅಂಬಲಿಯ ಹಾಗೆ ಇರುತ್ತದೆ. ಮನುಷ್ಯ ನಡೆದರೆ ತಡೆಯುತ್ತದೆ. ಸಾವಿರ ಕೆಜಿ ಗಾಡಿ ಬಂದು ನಿಂತರೆ ಹಪ್ಪಳ ಮುರಿಯುತ್ತದೆ. ಆಮೇಲೆ ನೀವು ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಅಂಗಳದ ಮಣ್ಣು ಕೈಹಾಕುವಷ್ಟು ಅಗಲವಾಗಿ, ಆಳವಾಗಿ ಬಿರಿದಿದ್ದರೆ ಕೆಳಗೂ ಒಣಗಿದೆ ಅಂತ ಅರ್ಥ. ಬಿರುಕು ಕೂದಲೆಳೆಯಷ್ಟಿದ್ದರೆ, ಅಥವಾ ನೆಲ ನುಣ್ಣಗೆ ಹೊಳೆಯುತ್ತಿದ್ದರೆ, ಅಥವಾ ಒಂದು ಕಡೆ ಮಾತ್ರ ಗರಿಕೆ ಹಸಿರಾಗಿದ್ದರೆ ನಂಬಬೇಡಿ. ಒಂದು ಹಾರೆ ತಗೊಂಡು ಹತ್ತು ಹೆಜ್ಜೆಗೊಂದು ಕಡೆ ಚುಚ್ಚಿ ನೋಡಿ. ಹಾರೆಯ ತುದಿಗೆ ಹಸಿ ಮಣ್ಣು ಮೆತ್ತಿಕೊಂಡು ಬಂದರೆ ಅಲ್ಲಿಂದಲೇ ವಾಪಸ್ ತಿರುಗಿ. ಅಂಥ ಜಾಗದಲ್ಲಿ ಫೋರ್ ಬೈ ಫೋರ್ ಇದ್ದಿದ್ದರೂ ನೀವು ಹೂತುಕೊಳ್ಳುತ್ತಿದ್ದಿರಿ. ಇನ್ನೂ ಹತ್ತು ಮಾರು ಮುಂದೆ ಹೋಗಿ ಹೂತುಕೊಳ್ಳುತ್ತಿದ್ದಿರಿ, ಅಷ್ಟೇ ವ್ಯತ್ಯಾಸ. ಎರಡು ಟನ್ನಿನ ಗಾಡಿಯಾಗಿದ್ದರೆ ತೆಗೆಯೋಕೆ ಒಂದು ಟ್ರಾಕ್ಟರ್ ಸಾಲುತ್ತಿರಲಿಲ್ಲ.

ಈಗ ಗಾಳಿಯ ಮಾತು. ನನ್ನ ಗ್ಯಾರೇಜಿಗೆ ಹೊಸದಾಗಿ ಬರುವವರಿಗೆ ಒಂದು ಕೆಲಸ ಮಾಡಿ ತೋರಿಸುತ್ತೇನೆ. ಗಾಡಿಯನ್ನು ಜಾಕಿನಲ್ಲಿ ಎತ್ತಿ, ಟೈರಿಗೆ ಒದ್ದೆ ಕೆಮ್ಮಣ್ಣು ಬಳಿದು, ಕೆಳಗೆ ಹಳೇ ಪೇಪರ್ ಹಾಸಿ ಇಳಿಸುತ್ತೇನೆ. 32 ಪಾಯಿಂಟ್ ಗಾಳಿ ಇದ್ದಾಗ ಪೇಪರ್ ಮೇಲೆ ಬೀಳುವ ಅಚ್ಚು ಅಂಗೈಯಷ್ಟೇ ಉದ್ದ. ಅದೇ ಟೈರಿನಲ್ಲಿ ಗಾಳಿಯನ್ನು 18ಕ್ಕೆ ಇಳಿಸಿ ಇನ್ನೊಂದು ಪೇಪರ್ ಮೇಲೆ ಇಳಿಸಿದರೆ ಅಚ್ಚು ಎಷ್ಟು ಉದ್ದವಾಗಿರುತ್ತದೆ ಅಂದರೆ, ಎರಡೂ ಪೇಪರ್ ಪಕ್ಕದಲ್ಲಿ ಹಿಡಿದಾಗ ಬೇರೆ ಬೇರೆ ಟೈರು ಅನ್ನಿಸುತ್ತದೆ. ಗಾಡಿ ಅದೇ, ಭಾರ ಅದೇ. ಆ ಭಾರ ಹೆಚ್ಚು ನೆಲದ ಮೇಲೆ ಹರಡಿಕೊಂಡಿತು. ಮರಳಿನಲ್ಲಿ, ಸಡಿಲ ಮಣ್ಣಿನಲ್ಲಿ ಗಾಡಿಯನ್ನು ದಾಟಿಸುವುದು ಈ ಅಚ್ಚು. ಕಲ್ಲಿನ ದಾರಿಯಲ್ಲಿ 22ರಿಂದ 25 ಇಟ್ಟರೆ ಟೈರು ಕಲ್ಲಿಗೆ ಬಗ್ಗಿಕೊಂಡು ಹೋಗುತ್ತದೆ, ಒಳಗೆ ಕೂತವರ ಸೊಂಟಕ್ಕೂ ಆರಾಮ. 15ಕ್ಕಿಂತ ಕೆಳಗೆ ಇಳಿಸಬೇಡಿ, ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಿಕೊಳ್ಳಬಹುದು. ಗಾಳಿ ಇಳಿಸಿದ ಮೇಲೆ 30 ಕಿಲೋಮೀಟರ್ ವೇಗ ದಾಟಬೇಡಿ. ಟಾರ್ ರಸ್ತೆಗೆ ಬಂದ ತಕ್ಷಣ ಮತ್ತೆ ತುಂಬಿಸಿಕೊಳ್ಳಿ. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟೈರು ಬಿಸಿಯಾಗಿ ಒಡೆಯುತ್ತದೆ.

ಹಾಗಾದರೆ ಫೋರ್ ಬೈ ಫೋರ್ ಸುಮ್ನೆ ಖರ್ಚಾ? ಹಾಗೇನಿಲ್ಲ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಗೊತ್ತಿರಬೇಕು.

ಸಾಮಾನ್ಯ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗುತ್ತದೆ. ನಡುವೆ ಡಿಫರೆನ್ಷಿಯಲ್ ಇರುತ್ತದೆ. ಅದು ಎರಡೂ ಚಕ್ರಕ್ಕೆ ಸಮನಾದ ಬಲ ಕೊಡುತ್ತದೆ. ಕೇಳೋಕೆ ನ್ಯಾಯವಾಗಿದೆ. ಆದರೆ ಒಂದು ಚಕ್ರ ಕೆಸರಿನಲ್ಲಿ ಸಿಕ್ಕಿ ಸುಮ್ನೆ ತಿರುಗುತ್ತಿದ್ದರೆ ಅದಕ್ಕೆ ಬೇಕಾದ ಬಲ ಬಹಳ ಕಡಿಮೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಸಿಗುತ್ತದೆ, ಗಾಡಿ ಅಲ್ಲಾಡುವುದಿಲ್ಲ. ಫೋರ್ ಬೈ ಫೋರ್ ಹಾಕಿದರೆ ಮುಂದೊಂದು ಜೋಡಿ, ಹಿಂದೊಂದು ಜೋಡಿ. ಆದರೂ ಮುಂದಿನ ಬಲ ಚಕ್ರ, ಹಿಂದಿನ ಎಡ ಚಕ್ರ ಎರಡೂ ಗಾಳಿಯಲ್ಲಿ ತೇಲಿದರೆ ಗಾಡಿ ನಿಂತುಬಿಡುತ್ತದೆ. ಇದನ್ನು ತಪ್ಪಿಸೋಕೆ ಡಿಫರೆನ್ಷಿಯಲ್ ಲಾಕ್ ಇದೆ, ಅಥವಾ ಸುಮ್ನೆ ತಿರುಗುವ ಚಕ್ರಕ್ಕೆ ತಾನಾಗೇ ಬ್ರೇಕ್ ಹಾಕುವ ವ್ಯವಸ್ಥೆ ಇದೆ. ಗಾಡಿ ಕೊಳ್ಳುವಾಗ ಫೋರ್ ಬೈ ಫೋರ್ ಇದೆಯಾ ಅಂತ ಕೇಳುವ ಹತ್ತು ಜನರಲ್ಲಿ ಒಬ್ಬರೂ ಲಾಕ್ ಇದೆಯಾ ಅಂತ ಕೇಳುವುದಿಲ್ಲ. ನೀವು ಕೇಳಿ.

ಫೋರ್ ಬೈ ಫೋರ್ ಗಾಡಿಯ ನಿಜವಾದ ಬೆಲೆ ಇರುವುದು ವೇಗ ಇಳಿಸಿ ಬಲ ಹೆಚ್ಚಿಸುವ ಲೋ ರೇಂಜ್ ಗೇರಿನಲ್ಲಿ. ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಗಾಡಿ ಮನುಷ್ಯ ನಡೆದ ಹಾಗೆ ಇಳಿಯುತ್ತದೆ. ಅದೊಂದು ಧೈರ್ಯ. ಆದರೆ ಫೋರ್ ಬೈ ಫೋರ್ ಇದ್ದರೆ ಗಾಡಿ ಬೇಗ ನಿಲ್ಲುತ್ತದೆ ಅನ್ನುವುದು ಸುಳ್ಳು. ಬ್ರೇಕ್ ಎಲ್ಲ ಗಾಡಿಯಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಮಳೆಯಲ್ಲಿ ಹೈವೇ ಮೇಲೆ ಫೋರ್ ಹೈ (ಮಾಮೂಲಿ ವೇಗದ ಫೋರ್ ಬೈ ಫೋರ್) ಹಾಕಿಕೊಂಡು ಓಡಿಸುವವರೂ ಇದ್ದಾರೆ. ಥಾರ್, ಜಿಮ್ನಿ ಥರದ ಗಾಡಿಯಲ್ಲಿ ಹಿಡಿತ ಇರುವ ರಸ್ತೆಯ ಮೇಲೆ ಅದನ್ನು ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆ ದೂರ ಓಡಬೇಕು. ರಸ್ತೆ ಜಾರಲು ಬಿಡದಿದ್ದರೆ ಆ ಜಗ್ಗಾಟವೆಲ್ಲ ಗೇರಿನ ಮೇಲೆ ಬೀಳುತ್ತದೆ. ಹೀಗೆ ಹಾಳಾದ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರು ಪೆಟ್ಟಿಗೆ) ಬಿಚ್ಚಿದ್ದೇನೆ. ಒಳಗಿನ ಚೈನ್ ಜೋತುಬಿದ್ದಿತ್ತು, ಹಲ್ಲುಗಳು ಬೋಳಾಗಿದ್ದವು.

ನಿಮ್ಮ ಬಾಮೈದನ ಮಾತಿನಲ್ಲೂ ನಿಜ ಇದೆ. ಮಳೆಗಾಲದಲ್ಲಿ ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಮಂಡಿಗೆ ಟೊಮೆಟೊ ತರುವ ಪಿಕಪ್‌ಗಳನ್ನು ಒಂದು ದಿನ ನಿಂತು ನೋಡಿ. ಹೆಚ್ಚಿನವು ಬರೀ ಹಿಂದಿನ ಎರಡು ಚಕ್ರದಲ್ಲಿ ಓಡುವ ಗಾಡಿಗಳು. ಕೆಸರು ಹೊಲದಿಂದ ಬಾಕ್ಸ್ ತುಂಬಿಕೊಂಡು ಬರುತ್ತವೆ. ಭಾರ ಎಳೆಯುವ ಚಕ್ರದ ಮೇಲೇ ಕೂತಿರುವುದರಿಂದ ಅವಕ್ಕೆ ಹಿಡಿತ ಸಿಗುತ್ತದೆ. ಖಾಲಿ ಹೋಗುವಾಗಲೇ ಅವು ಜಾರುವುದು. ಡ್ರೈವರ್ ಕೆಸರು ಕಂಡರೆ ಮೊದಲು ಇಳಿದು ನಡೆದು ನೋಡುತ್ತಾನೆ. ಒಂದು ಗೇರ್ ಹಿಡಿದರೆ ಆಚೆ ದಡ ಮುಟ್ಟುವ ತನಕ ಬದಲಾಯಿಸುವುದಿಲ್ಲ, ನಿಲ್ಲಿಸುವುದಿಲ್ಲ, ಬ್ರೇಕ್ ಮುಟ್ಟುವುದಿಲ್ಲ. ನಾನು ಈ ಕೆಲಸ ಕಲಿತಿದ್ದು ಜಾಸ್ತಿ ಅವರಿಂದಲೇ. ನಿಮ್ಮ ತೋಪಿನ ಕೆಮ್ಮಣ್ಣಿನ ದಾರಿ ಮೇಲೆ ಜಾರಿದರೂ ಕೆಳಗೆ ಗಟ್ಟಿ ಇರುತ್ತದೆ. ಒಳ್ಳೆ ಟೈರು, ಈ ಅಭ್ಯಾಸ ಎರಡೂ ಇದ್ದರೆ ಅಲ್ಲಿಗೆ ಫೋರ್ ಬೈ ಫೋರ್ ಬೇಕೇ ಬೇಕು ಅಂತಿಲ್ಲ.

ಇನ್ನು ಯಾವ ಗಾಡಿ? ಇಲ್ಲಿ ನಿಮ್ಮ ಗೆಳೆಯರು ಒಂದು ವಿಷಯ ಮರೆತಿದ್ದಾರೆ. ನೀವು ಐದು ಜನ. ಮೂರು ಬಾಗಿಲಿನ ಥಾರ್‌ನಲ್ಲಿ ನಾಲ್ಕೇ ಸೀಟು. ಜಿಮ್ನಿಯಲ್ಲೂ ನಾಲ್ಕೇ. ಎರಡೂ ಕಾಡುಮೇಡಿಗೆ ಹೇಳಿ ಮಾಡಿಸಿದ ಗಾಡಿಗಳು, ಅದರಲ್ಲಿ ಅನುಮಾನ ಇಲ್ಲ. ಥಾರ್‌ಗೆ 226 ಮಿಲಿಮೀಟರ್, ಜಿಮ್ನಿಗೆ 210 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ಹೊಟ್ಟೆಗೂ ನಡುವಿನ ಎತ್ತರ), ಎರಡಕ್ಕೂ ಲೋ ರೇಂಜ್ ಇದೆ. ಥಾರ್ ಕೊಳ್ಳುವವರು ಮಾತ್ರ ನೋಡಿ ಕೊಳ್ಳಿ, 2023ರಿಂದ ಅದರಲ್ಲಿ ಟೂ ವೀಲ್ ಡ್ರೈವ್ ಮಾದರಿಯೂ ಬರುತ್ತದೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಪ್ರತಿ ಸಲ ಒಬ್ಬರನ್ನು ಬಿಟ್ಟು ಹೋಗಬೇಕು, ಇಲ್ಲವೇ ಬೆಲ್ಟ್ ಇಲ್ಲದೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಎರಡೂ ಬೇಡ.

ಜಿಪ್ಸಿ ನನಗೆ ಬಹಳ ಪ್ರೀತಿಯ ಗಾಡಿ. 1985ರಲ್ಲಿ ಬಂತು, ಮೂರು ದಶಕಕ್ಕಿಂತ ಜಾಸ್ತಿ ಓಡಿತು. ಹಗುರ, ಸರಳ. ಎಲ್ಲಿ ಬೇಕಾದರೂ ಏರುತ್ತದೆ. ಆದರೆ ಹಿಂದೆ ಮಕ್ಕಳನ್ನು ಅಡ್ಡ ಬೆಂಚಿನ ಮೇಲೆ ಕೂರಿಸಬೇಕು. ಏರ್‌ಬ್ಯಾಗ್ ಇಲ್ಲ. ಅದನ್ನು ಎತ್ತರ ಮಾಡಿಸಿದರೆ ಗಾಡಿಯ ಭಾರದ ಮಧ್ಯ ಮೇಲಕ್ಕೆ ಹೋಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಬ್ರೇಕ್ ಪೈಪು ಬಿಗಿಯಾಗುತ್ತದೆ. ಮಿಲಿಟರಿ ಹರಾಜಿನ ಗಾಡಿಯಾದರೆ ಕಾಗದಪತ್ರದ ತಲೆನೋವು ಬೇರೆ. ಒಬ್ಬಂಟಿ ಹುಡುಗ ಕೇಳಿದ್ದರೆ ಬೇರೆ ಮಾತು. ನಿಮಗೆ ನಾನು ಇದನ್ನು ಹೇಳಲಾರೆ.

ಬೊಲೆರೊ ನಿಯೋದ ಎನ್10 ಆಪ್ಷನ್ ಮಾದರಿಯಲ್ಲಿ ಹಿಂದಿನ ಆಕ್ಸಲ್‌ಗೆ ತಾನಾಗೇ ಬೀಳುವ ಮೆಕ್ಯಾನಿಕಲ್ ಲಾಕ್ ಇದೆ. ತೋಪಿನ ದಾರಿಗೆ ಅದು ನಿಜವಾಗಿ ಒಳ್ಳೆಯದು, ದುಡ್ಡೂ ಉಳಿಯುತ್ತದೆ. ಆದರೆ ನೆಲಕ್ಕೂ ಗಾಡಿಗೂ ನಡುವೆ 160 ಮಿಲಿಮೀಟರ್ ಮಾತ್ರ. ಅದಕ್ಕಿಂತ ಮುಖ್ಯವಾಗಿ, 2024ರ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ಐದರಲ್ಲಿ 1 ನಕ್ಷತ್ರ. ನಿಮ್ಮ ಓಡಾಟದಲ್ಲಿ ಮಣ್ಣಿನ ದಾರಿ ಎರಡು ಕಿಲೋಮೀಟರ್, ಉಳಿದದ್ದೆಲ್ಲ ಹೈವೇ. ಹೈವೇಯಲ್ಲಿ ಬೇಕಾಗುವುದು ಆ ನಕ್ಷತ್ರಗಳು.

ಅದಕ್ಕೇ ನನ್ನ ಸಲಹೆ ಇದು. ಸಾಮಾನಿಗೆ ಅಂತ ಎತ್ತಿಟ್ಟ 4 ಲಕ್ಷದಲ್ಲಿ 60–70 ಸಾವಿರ ಉಳಿಸಿಕೊಂಡು ಮಿಕ್ಕಿದ್ದನ್ನು ಗಾಡಿಗೇ ಸೇರಿಸಿ. ಎರಡು ಮೂರು ವರ್ಷ ಓಡಿದ ಸ್ಕಾರ್ಪಿಯೋ-ಎನ್ ಡೀಸೆಲ್ ಫೋರ್ ಬೈ ಫೋರ್ ಹುಡುಕಿ. ಐದು ಜನಕ್ಕೂ ಮುಂದೆ ಮುಖ ಮಾಡಿದ ಸೀಟು, ಬೆಲ್ಟ್. ಲೋ ರೇಂಜ್ ಇದೆ. 2022ರ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ನಕ್ಷತ್ರ ಬಂದಿದೆ. ಡೀಸೆಲ್ ಟರ್ಬೊ ಇರುವುದರಿಂದ ಎತ್ತರದ ಜಾಗದಲ್ಲಿ ಉಸಿರು ಕಟ್ಟುವುದು ಕಡಿಮೆ. ಇದರ ತೊಂದರೆಯನ್ನೂ ಹೇಳಿಬಿಡುತ್ತೇನೆ. ಇದು ಹತ್ತಿರ ಹತ್ತಿರ ಎರಡು ಟನ್ ಭಾರದ ಗಾಡಿ. ಕೆರೆಯಂಗಳಕ್ಕೆ ಇಳಿಸಿದರೆ ನಿಮ್ಮ ಹಳೇ ಕಾರಿಗಿಂತ ಬೇಗ ಮುಳುಗುತ್ತದೆ. ಉದ್ದವೂ ಜಾಸ್ತಿ, ತೋಪಿನ ಒಳಗೆ ಮರಗಳ ನಡುವೆ ತಿರುಗಿಸುವುದು ಕಷ್ಟ. ಬೆಲೆ ಹೊಂದದಿದ್ದರೆ ಅದೇ ಗಾಡಿಯ ಟೂ ವೀಲ್ ಡ್ರೈವ್ ಮಾದರಿ ತಗೊಳ್ಳಿ, ಫೋರ್ ಬೈ ಫೋರ್ ಬಿಡಿ. ಲಾಕ್ ಬಿಟ್ಟರೂ ಪರವಾಗಿಲ್ಲ. ಸೀಟು, ಬೆಲ್ಟ್, ಏರ್‌ಬ್ಯಾಗ್ ಮಾತ್ರ ಬಿಡಬೇಡಿ.

ಇನ್ನು ನಿಮ್ಮ ಸಾಮಾನಿನ ಪಟ್ಟಿ. ಇದನ್ನು ನಮ್ಮೂರ ಲೆಕ್ಕದಲ್ಲಿ ನೋಡೋಣ. ಒಂದು ಟೊಮೆಟೊ ಬಾಕ್ಸ್ 15 ಕೆಜಿ. ಉದಾಹರಣೆಗೆ ಜಿಮ್ನಿಯನ್ನೇ ತಗೊಳ್ಳಿ. ಗಾಡಿಯ ಸ್ವಂತ ಭಾರ ಸುಮಾರು 1200 ಕೆಜಿ. ಜನ, ಸಾಮಾನು ಎಲ್ಲ ಸೇರಿ 1545 ಕೆಜಿ ದಾಟಬಾರದು. ಅಂದರೆ ನಿಮ್ಮ ಪಾಲಿಗೆ ಇರುವುದು 345 ಕೆಜಿ, 23 ಬಾಕ್ಸ್. ನಾಲ್ಕು ಜನ ದೊಡ್ಡವರು ಕೂತರೆ 18 ಬಾಕ್ಸ್ ಮುಗಿಯಿತು. ಉಳಿದದ್ದು ಐದು. ಹಗ್ಗ ಸುತ್ತಿಕೊಂಡು ಗಾಡಿಯನ್ನು ಎಳೆಯುವ ವಿಂಚ್‌ಗೆ ಎರಡು ಬಾಕ್ಸ್. ಅದನ್ನು ಕೂರಿಸೋಕೆ ಕಬ್ಬಿಣದ ಬಂಪರ್, ಅದಕ್ಕೆ ಇನ್ನು ಎರಡು ಮೂರು. ರೂಫ್ ಟೆಂಟ್‌ಗೆ ನಾಲ್ಕು, ಅದರ ಕೆಳಗಿನ ಕ್ಯಾರಿಯರ್‌ಗೆ ಒಂದೆರಡು. ಇನ್ನೂ ಒಂದು ಬಾಟಲಿ ನೀರು ಇಟ್ಟಿಲ್ಲ, ಆಗಲೇ ಗಾಡಿ ಮಿತಿ ದಾಟಿದೆ. ಮಿತಿ ದಾಟಿದ ಗಾಡಿಯಲ್ಲಿ ಸ್ಪ್ರಿಂಗ್ ಕೂರುತ್ತದೆ, ಬ್ರೇಕ್ ತಡವಾಗಿ ಹಿಡಿಯುತ್ತದೆ. ಲಿಫ್ಟ್ ಕಿಟ್ ಹಾಕಿಸಿ ಪಡೆದ ಎತ್ತರವೂ ಈ ಭಾರಕ್ಕೇ ಹೋಗುತ್ತದೆ. ದೊಡ್ಡ ಗಾಡಿಯಲ್ಲಿ ಬಾಕ್ಸ್‌ಗಳ ಸಂಖ್ಯೆ ಬದಲಾಗುತ್ತದೆ, ಲೆಕ್ಕ ಇದೇ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಒಟ್ಟು ಭಾರದ ಮಿತಿ ಇರುತ್ತದೆ. ಪ್ರವಾಸಕ್ಕೆ ಹೊರಡುವ ಮುಂಚೆ ಎಲ್ಲ ತುಂಬಿ, ಎಲ್ಲರನ್ನೂ ಕೂರಿಸಿ, ಯಾವುದಾದರೂ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸಿ. ಖರ್ಚು ಬಹಳ ಕಡಿಮೆ, ಐದು ನಿಮಿಷದ ಕೆಲಸ.

ಬುಲ್ ಬಾರ್ ಬೇಡವೇ ಬೇಡ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಇದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಅಂತ ರಾಜ್ಯಗಳಿಗೆ ತಿಳಿಸಿತು. ಕಾನೂನು ಒಂದು ಕಡೆ ಇರಲಿ. ಡಿಕ್ಕಿಯಾದಾಗ ಗಾಡಿಯ ಮುಂಭಾಗ ನುಜ್ಜುಗುಜ್ಜಾಗಿ ಪೆಟ್ಟು ತಿನ್ನಬೇಕು ಅಂತಲೇ ಮಾಡಿರುತ್ತಾರೆ. ಅದರ ಮುಂದೆ ಕಬ್ಬಿಣ ಕಟ್ಟಿದರೆ ಪೆಟ್ಟು ಒಳಗೆ ಕೂತವರಿಗೆ ಬರುತ್ತದೆ, ಏರ್‌ಬ್ಯಾಗ್ ಬಿಚ್ಚುವ ಹೊತ್ತು ತಪ್ಪಬಹುದು. ಎದುರಿಗೆ ನಡೆದು ಬರುವವರ ಗತಿ ಇನ್ನೂ ಕಷ್ಟ.

ವಿಂಚ್ ಎಳೆಯಬೇಕಾದರೆ ಕಟ್ಟೋಕೆ ಗಟ್ಟಿ ಮರ ಬೇಕು. ನಮ್ಮ ಕೆರೆಯಂಗಳದಲ್ಲಿ ಇರುವುದು ಬಳ್ಳಾರಿ ಜಾಲಿ ಪೊದೆ. ಆದರೆ ಪ್ರತಿ ಹಳ್ಳಿಯಲ್ಲೂ ಟ್ರಾಕ್ಟರ್ ಇದೆ, ಕರೆದರೆ ಬರುವ ಜನ ಇದ್ದಾರೆ. ಸ್ನಾರ್ಕೆಲ್ ಎಂಜಿನ್ನಿನ ಮೂಗನ್ನು ಮಾತ್ರ ಎತ್ತರ ಮಾಡುತ್ತದೆ. ಆಲ್ಟರ್ನೇಟರ್, ವೈರಿಂಗ್, ಗೇರ್‌ಬಾಕ್ಸಿನ ಉಸಿರಿನ ಪೈಪು ಇದ್ದಲ್ಲೇ ಇರುತ್ತವೆ. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತದೆ ಅಂತ ಕಂಪನಿ ಹೇಳುವುದನ್ನು ಹರಿಯುವ ನೀರಿಗೆ ಹಚ್ಚಬೇಡಿ. ಹರಿಯುವ ನೀರು 30 ಸೆಂಟಿಮೀಟರ್ ಇದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ, 60 ಇದ್ದರೆ ದೊಡ್ಡ ಗಾಡಿಯನ್ನೂ ಒಯ್ಯುತ್ತದೆ. ನೀರಿನ ನಡುವೆ ಎಂಜಿನ್ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರ್ ಒಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ರೈಲ್ವೆ ಅಂಡರ್‌ಪಾಸ್ ನೀರಿನಲ್ಲಿ ನಿಂತ ಗಾಡಿಗಳ ರಾಡ್ ಬದಲಾಯಿಸಿದ್ದೇನೆ, ಅಷ್ಟೂ ಜನ ಮಾಡಿದ್ದು ಅದೊಂದೇ ತಪ್ಪು.

ಲೈಟ್ ಬಾರ್ ಬಿಡಿ, ಹೆಡ್‌ಲೈಟ್ ಸರಿಯಾಗಿ ಅಲೈನ್ ಮಾಡಿಸಿ. ರೂಫ್ ಟೆಂಟ್‌ನ ಏಣಿಯನ್ನು ನಿಮ್ಮ ಅಮ್ಮ ರಾತ್ರಿ ಎರಡು ಸಲ ಹತ್ತಿ ಇಳಿಯಬೇಕಾಗುತ್ತದೆ, ಯೋಚನೆ ಮಾಡಿ. ನೆಲದ ಮೇಲೆ ಹಾಕುವ ಟೆಂಟ್, ಒಳ್ಳೆ ಹಾಸಿಗೆ ಸಾಕು. ಟೈರಿನ ಸೈಜ್ ಬದಲಾಯಿಸಬೇಡಿ. ಕಂಪನಿ ಹೇಳಿದ ಸೈಜ್‌ನಲ್ಲೇ ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರು ಸಿಗುತ್ತದೆ. ದೊಡ್ಡ ಟೈರು ಹಾಕಿದರೆ ಸ್ಪೀಡೋಮೀಟರ್ ಕಡಿಮೆ ತೋರಿಸುತ್ತದೆ, ಬ್ರೇಕಿಗೂ ಗೇರಿಗೂ ಭಾರ, ಇನ್ಶೂರೆನ್ಸ್ ಕ್ಲೇಮ್ ಸಮಯದಲ್ಲಿ ತಕರಾರು. ಮಡ್ ಟೈರು ನಿಮಗೆ ಬೇಡ, ಒದ್ದೆ ಟಾರ್ ಮೇಲೆ ಜಾರುತ್ತದೆ, ಸದ್ದೂ ಜಾಸ್ತಿ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ನೋಡಿ. 2324 ಅಂತ ಇದ್ದರೆ 2024ರ 23ನೇ ವಾರದಲ್ಲಿ ಆಗಿದ್ದು.

ಹಾಗಾದರೆ ಆ 60–70 ಸಾವಿರ ಯಾವುದಕ್ಕೆ? ಬಹುಪಾಲು ಟೈರಿಗೆ. ಸ್ಟೆಪ್ನಿಯೂ ಅದೇ ಸೈಜ್ ಇರಲಿ. ಆಮೇಲೆ ಒಂದು ಒಳ್ಳೆಯ 12 ವೋಲ್ಟ್ ಕಂಪ್ರೆಸರ್. ಸಿಗರೇಟ್ ಲೈಟರಿಗೆ ಸಿಕ್ಕಿಸುವುದು ಬೇಡ, ಬ್ಯಾಟರಿಗೇ ಕ್ಲಿಪ್ ಹಾಕುವುದು ತಗೊಳ್ಳಿ. ಒಳ್ಳೆ ಕಂಪ್ರೆಸರ್ ಎಳೆಯುವಷ್ಟು ಕರೆಂಟನ್ನು ಲೈಟರಿನ ಫ್ಯೂಸು ತಡೆಯದೆ ಹೋಗಬಹುದು. ಗಾಳಿ ನೋಡುವ ಗೇಜ್, ಪಂಕ್ಚರ್ ಕಿಟ್. ಜಾಲಿ ಮುಳ್ಳು ಚುಚ್ಚಿದರೆ ತಕ್ಷಣ ಕೀಳಬೇಡಿ, ಟ್ಯೂಬ್‌ಲೆಸ್ ಟೈರಿನಲ್ಲಿ ಮುಳ್ಳೇ ಬಿರಡೆಯ ಹಾಗೆ ಗಾಳಿ ಹಿಡಿದಿರುತ್ತದೆ. ಕಿಟ್ ಕೈಯಲ್ಲಿ ಹಿಡಿದುಕೊಂಡು ಕೀಳಿ. ಟೈರಿನ ಪಕ್ಕಕ್ಕೆ ಕಲ್ಲು ಕೊಯ್ದರೆ ಮಾತ್ರ ಆ ಕಿಟ್ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಸ್ಟೆಪ್ನಿ. ಒಂದು ಸನಿಕೆ, ಜಾಕು ಮೆತ್ತಗಿನ ನೆಲದಲ್ಲಿ ಇಳಿಯದ ಹಾಗೆ ಕೆಳಗಿಡೋಕೆ ಒಂದಡಿ ಚೌಕದ ದಪ್ಪ ಹಲಗೆ, ಎಳೆಯೋಕೆ ಗಾಡಿಯ ತೂಕಕ್ಕೆ ತಕ್ಕ ನೈಲಾನ್ ಪಟ್ಟಿ, ಅದನ್ನು ಕೊಂಡಿಗೆ ಸಿಕ್ಕಿಸೋಕೆ ಎರಡು ಶ್ಯಾಕಲ್ (ಬೋಲ್ಟ್ ಹಾಕುವ ಉಕ್ಕಿನ ಬಳೆ).

ನಿಮ್ಮ ಬಂಪರ್ ಯಾಕೆ ಕಿತ್ತು ಬಂತು ಅಂತ ಈಗ ಹೇಳುತ್ತೇನೆ. ಸಣ್ಣ ಕಾರುಗಳ ಬಂಪರಿನಲ್ಲಿ ಪುಟ್ಟ ಮುಚ್ಚಳ ಇರುತ್ತದೆ. ಜಾಕಿನ ಜೊತೆ ಇರುವ ಕೊಂಡಿಯನ್ನು ಅದರ ಒಳಗೆ ತಿರುಗಿಸಿ ಹಾಕಬೇಕು. ಅದು ಗೊತ್ತಿಲ್ಲದೆ ಜನ ಸರಪಳಿಯನ್ನು ಬಂಪರಿನ ಕೆಳಗಿನ ತಗಡಿಗೆ ಸುತ್ತುತ್ತಾರೆ. ಆ ಕೊಂಡಿ ಕೂಡ ರಸ್ತೆಯ ಮೇಲೆ ನೇರವಾಗಿ ಎಳೆಯೋಕೆ ಮಾತ್ರ, ಕೆಸರಿನಿಂದ ಜಗ್ಗೋಕೆ ಅಲ್ಲ. ಚಾಸಿಸ್ ಇರುವ ಗಾಡಿಯಾದರೆ ಚಾಸಿಸ್‌ಗೇ ಬೋಲ್ಟ್ ಮಾಡಿದ ಕೊಂಡಿ ಮುಂದೆ ಹಿಂದೆ ಎಲ್ಲಿದೆ ಅಂತ ಕೊಳ್ಳುವ ದಿನವೇ ನೋಡಿಟ್ಟುಕೊಳ್ಳಿ.

ಹೂತ ಗಾಡಿಯನ್ನು ಎಳೆಯುವ ಮುಂಚೆ ಅಗೆಯಬೇಕು. ಚಕ್ರದ ಹಿಂದೆ ಮುಂದೆ ಇಳಿಜಾರು ಮಾಡಬೇಕು, ಹೊಟ್ಟೆಯ ಕೆಳಗಿನ ಮಣ್ಣು ತೆಗೆಯಬೇಕು. ಗಾಳಿ 18ಕ್ಕೆ ಇಳಿಸಿ. ಬಂದ ದಾರಿಗೇ ವಾಪಸ್ ಎಳೆಸಿ, ಅಲ್ಲಿಯ ನೆಲ ನಿಮ್ಮನ್ನು ಒಂದು ಸಲ ಹೊತ್ತಿದೆ. ಟ್ರಾಕ್ಟರ್ ಡ್ರೈವರಿಗೆ ನಿಧಾನ ಅಂತ ಹೇಳಿ. ಸರಪಳಿ ಸಡಿಲ ಬಿಟ್ಟು ಒಮ್ಮೆಗೆ ಜಗ್ಗಿದರೆ ಕೊಂಡಿ ಮುರಿದು ಗುಂಡಿನ ಹಾಗೆ ಹಾರುತ್ತದೆ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹಾಕಿ, ಹರಿದರೂ ಕೆಳಗೆ ಬೀಳುತ್ತದೆ. ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಒಬ್ಬರೂ ನಿಲ್ಲಬಾರದು. ನಮ್ಮ ಹಳ್ಳಿಗಳಲ್ಲಿ ಇಂಥ ಹೊತ್ತಿನಲ್ಲಿ ಮಕ್ಕಳೆಲ್ಲ ಓಡಿ ಬಂದು ಸುತ್ತ ನಿಲ್ಲುತ್ತಾರೆ. ಮೊದಲು ಅವರನ್ನು ದೂರ ಕಳಿಸಿ, ಅದಾಗುವ ತನಕ ಟ್ರಾಕ್ಟರ್ ಸ್ಟಾರ್ಟ್ ಮಾಡಿಸಬೇಡಿ. ಮುರಿದ ಕೊಂಡಿ ಹಾರಿ ಬಂದು ಗಾಡಿಯ ಹಿಂದಿನ ಗಾಜು ಒಡೆದು ಮುಂದಿನ ಸೀಟಿನ ಬೆನ್ನಿಗೆ ನಾಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆವತ್ತು ಸೀಟು ಖಾಲಿ ಇತ್ತು.

ಸ್ಪಿತಿಗೆ ಜೂನ್‌ನಿಂದ ಸೆಪ್ಟೆಂಬರ್ ನಡುವೆ ಸಾಮಾನ್ಯ ಕಾರುಗಳೂ ಹೋಗಿ ಬರುತ್ತವೆ. ಶಿಮ್ಲಾ, ಕಿನ್ನೌರ್ ಕಡೆಯಿಂದ ಹತ್ತಿ, ಎತ್ತರ ನಿಧಾನವಾಗಿ ಏರುತ್ತದೆ, ಅಮ್ಮನಿಗೂ ಮಕ್ಕಳಿಗೂ ಮೈ ಒಗ್ಗುತ್ತದೆ. ಹೊರಡುವ ಮುಂಚೆ ಅಮ್ಮನನ್ನು ಡಾಕ್ಟರಿಗೆ ತೋರಿಸಿ. ಮನಾಲಿ ಕಡೆಗೆ ಇಳಿಯುವಾಗ ದಾಟುವ ಕುಂಜುಂ ಲಾ ಕಣಿವೆದಾರಿ ಸುಮಾರು 4,500 ಮೀಟರ್ ಎತ್ತರ. ಅಲ್ಲಿ ಗಾಳಿಯ ಒತ್ತಡ ಕೋಲಾರದಲ್ಲಿ ಇರುವುದರ ಸುಮಾರು ಮೂರರಲ್ಲಿ ಎರಡು ಪಾಲು. ಚಿಪ್ಸ್ ಪ್ಯಾಕೆಟ್ ಬಲೂನಿನ ಹಾಗೆ ಉಬ್ಬುತ್ತದೆ. ಟರ್ಬೊ ಇಲ್ಲದ ಪೆಟ್ರೋಲ್ ಗಾಡಿ ಮೂರನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಕುಂಜುಂ ಇಳಿದ ಮೇಲೆ ಬಾತಲ್, ಗ್ರಾಂಫು ನಡುವೆ ರಸ್ತೆಗೆ ಅಡ್ಡ ಹರಿಯುವ ತೊರೆಗಳಿವೆ. ಬಿಸಿಲು ಏರಿದ ಹಾಗೆ ಹಿಮ ಕರಗಿ ಮಧ್ಯಾಹ್ನಕ್ಕೆ ನೀರು ಜೋರಾಗುತ್ತದೆ. ಬೆಳಗ್ಗೆಯೇ ದಾಟಿಕೊಳ್ಳಿ. ಸ್ಪಿತಿಯ ಮುಖ್ಯ ಊರಾದ ಕಾಜಾದಲ್ಲಿ ಪೆಟ್ರೋಲ್ ಪಂಪ್ ಇದೆ, ಗಾಡಿಯ ಒಳಗೆ ಕ್ಯಾನ್‌ನಲ್ಲಿ ಇಂಧನ ಇಟ್ಟುಕೊಳ್ಳಬೇಡಿ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಯಾದರೆ ದೆಹಲಿ ಸುತ್ತಮುತ್ತಲಿನ ನಿರ್ಬಂಧ ಆ ಹೊತ್ತಿಗೆ ಹೇಗಿದೆ ಅಂತ ನೋಡಿಕೊಂಡು ಹೊರಡಿ.

ಇನ್ನೊಂದು ದಾರಿಯೂ ಇದೆ. ಇಲ್ಲಿಂದ ಅಲ್ಲಿಗೆ 2500 ಕಿಲೋಮೀಟರಿಗಿಂತ ಜಾಸ್ತಿ. ಚಂಡೀಗಢದ ತನಕ ವಿಮಾನದಲ್ಲೋ ರೈಲಿನಲ್ಲೋ ಹೋಗಿ, ಅಲ್ಲಿನ ರಸ್ತೆ ಗೊತ್ತಿರುವ ಡ್ರೈವರ್ ಜೊತೆ ಗಾಡಿ ಬಾಡಿಗೆಗೆ ಹಿಡಿಯಬಹುದು. 66 ವರ್ಷದ ಅಮ್ಮನ ಸೊಂಟದ ದೃಷ್ಟಿಯಿಂದ ನನಗೆ ಇದೇ ಸರಿ ಅನ್ನಿಸುತ್ತದೆ. ಆಗ ಬರೀ ತೋಪಿಗಾಗಿ ಇಷ್ಟು ದೊಡ್ಡ ಗಾಡಿ ಬೇಕಾ ಅಂತ ಮನೆಯಲ್ಲಿ ಇನ್ನೊಂದು ಸಲ ಕೂತು ಮಾತಾಡಿ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋಗುವಾಗ ಕತ್ತಲಾದ ಮೇಲೆ ಹೋಗಬೇಡಿ. ಮಣ್ಣಿನ ಜಾಗಕ್ಕೆ ಒಯ್ದು ಫೋರ್ ಲೋ (ಅದೇ ಲೋ ರೇಂಜ್ ಗೇರು) ಹಾಕಿಸಿ, ಸಲೀಸಾಗಿ ಬೀಳುತ್ತದಾ, ಕಟಕಟ ಸದ್ದು ಬರುತ್ತದಾ ಕೇಳಿ. ವರ್ಷಗಟ್ಟಲೆ ಅದನ್ನು ಒಂದು ಸಲವೂ ಹಾಕದ ಮಾಲೀಕರು ಬಹಳ ಜನ ಇದ್ದಾರೆ. ಕೆಳಗೆ ಮಲಗಿ ಟಾರ್ಚ್ ಬಿಟ್ಟು ಚಾಸಿಸ್ ನೋಡಿ, ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಬೆಂಗಳೂರಿನ ಮಳೆಯಲ್ಲಿ ಮುಳುಗಿದ ಗಾಡಿಗಳೂ ತೊಳೆದು ಒಣಗಿಸಿ ಮಾರಾಟಕ್ಕೆ ಬರುತ್ತವೆ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಮುಂದಿನ ಸೀಟಿನ ಬೆಲ್ಟನ್ನು ಕೊನೆಯ ತನಕ ಎಳೆಯಿರಿ. ತೊಳೆಯುವವರು ಒಳಗೆ ಸುತ್ತಿಕೊಂಡ ಭಾಗವನ್ನು ತೊಳೆದಿರುವುದಿಲ್ಲ. ಅಲ್ಲಿ ಕೆಸರಿನ ಗೆರೆ ಕಂಡರೆ ಬೀಗದ ಕೈ ವಾಪಸ್ ಕೊಟ್ಟು ಬನ್ನಿ.